ಸೋದರಮಾವನ 24 ಎಂಎಂ ಲೆನ್ಸು ಇವತ್ತಿನ ಕ್ಯಾಮೆರಾಕ್ಕೆ ಆಗುತ್ತದಾ?

ಪ್ರಶ್ನೆ: ನಾನು ಶಿರಸಿ ಕಡೆಯವನು. ಸೋದರಮಾವ ಸ್ಟುಡಿಯೊ ಮುಚ್ಚಿದಾಗ ತಮ್ಮ ನಿಕಾನ್ ಎಫ್‌ಎಂ2 ಕ್ಯಾಮೆರಾ, ನಿಕ್ಕೋರ್ 24 ಎಂಎಂ ಎಫ್/2.8 ಲೆನ್ಸು ಮತ್ತು ಒಂದು ಹಳೆ ಫ್ಲ್ಯಾಶ್ ನನಗೆ ಕೊಟ್ಟರು. ಲೆನ್ಸಿನಲ್ಲಿ ಆಟೊಫೋಕಸ್ ಇಲ್ಲ. ಅಪರ್ಚರ್ (ಬೆಳಕು ಬಿಡುವ ಕಿಂಡಿ) ರಿಂಗಿನ ಮೇಲೆ ಎರಡು ಸಾಲು ಅಂಕಿಗಳಿವೆ, 22 ಮಾತ್ರ ಕಿತ್ತಳೆ ಬಣ್ಣದ್ದು. ನನ್ನ ನಿಕಾನ್ ಡಿ5600ಗೆ ಹಾಕಿದರೆ ಕ್ಯಾಮೆರಾ ಲೆನ್ಸನ್ನು ಗುರುತಿಸುವುದೇ ಇಲ್ಲ. ಅಗ್ಗದ ಅಡಾಪ್ಟರ್ ತರಿಸಿ ಗೆಳೆಯನ, ಒಳಗೆ ಕನ್ನಡಿ ಇಲ್ಲದ, ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಸೋನಿ ಫುಲ್‌ಫ್ರೇಮ್ ಮಿರರ್‌ಲೆಸ್‌ಗೆ ಹಾಕಿದೆ. ಫೋಕಸ್ ರಿಂಗನ್ನು ಇನ್ಫಿನಿಟಿ (ಅತಿ ದೂರ) ಗುರುತಿನ ತನಕ ತಿರುಗಿಸಿದರೆ ದೂರದ ಗುಡ್ಡ ಮಸುಕು, ಸ್ವಲ್ಪ ಹಿಂದಕ್ಕೆ ತಂದರೆ ನಡುವಿನ ಭಾಗ ಸರಿ. ಆದರೆ ಮೂಲೆಗಳು ಸರಿಯಾಗಲಿಲ್ಲ, ಬಲಗಡೆಯಂತೂ ಜಾಸ್ತಿ ಮಸುಕು. ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಇಟ್ಟರೂ ಅಷ್ಟೇ. ಬಲ್ಬ್ ಎದುರಿಗಿದ್ದರೆ ಚಿತ್ರದ ಮೇಲೆ ಬಿಳಿ ಪರದೆ ಎಳೆದ ಹಾಗೆ ಕಾಣುತ್ತದೆ. ಒಳಗಿನ ಗಾಜಿನಲ್ಲಿ ಬೂಷ್ಟಿನ ಒಂದು ಸಣ್ಣ ಎಳೆ ಇದೆ. ಹಳೆ ಲೆನ್ಸು ಡಿಜಿಟಲ್‌ಗೆ ಆಗಲ್ಲ, ಸೆನ್ಸರ್ ಹಾಳಾಗುತ್ತದೆ, ಮಾರಿಬಿಡಿ ಅಂತ ಅಂಗಡಿಯವರು ಹೇಳಿದರು. ನನಗೆ ಯಕ್ಷಗಾನದ ಚೌಕಿಯಲ್ಲಿ (ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗ), ಬನವಾಸಿಯ ದೇವಸ್ಥಾನದ ಒಳಗೆ ಫೋಟೊ ತೆಗೆಯುವ ಆಸೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಮಾರಬೇಡಿ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನಿಮ್ಮ ದೂರುಗಳಲ್ಲಿ ಹೆಚ್ಚಿನವು ಲೆನ್ಸಿನವಲ್ಲ, ಅಡಾಪ್ಟರಿನವು. ಹಳೆ ವೈಡ್ ಲೆನ್ಸುಗಳ ವಿಷಯದಲ್ಲಿ ನಾನು ಮತ್ತೆ ಮತ್ತೆ ನೋಡುವ ಸಂಗತಿ ಇದು. ತಪ್ಪು ನಡುವಿನ ಲೋಹದ ಬಳೆಯದ್ದು, ಬೈಗುಳ ಮಾತ್ರ ಗಾಜಿಗೆ.

ಮೊದಲು ಭಯದ ವಿಷಯ ಮುಗಿಸೋಣ. ಲೆನ್ಸಿನಿಂದ ಸೆನ್ಸರ್ ಹಾಳಾಗುವುದಿಲ್ಲ. ಈ ಲೆನ್ಸಿನಲ್ಲಿ ವಿದ್ಯುತ್ ಇಲ್ಲ, ಚಿಪ್ ಇಲ್ಲ. ಇರುವುದು ಗಾಜು, ಲೋಹ ಮತ್ತು ಗ್ರೀಸ್ ಮಾತ್ರ. ಪೆಟ್ಟು ಬೀಳುವುದಿದ್ದರೆ ಲೆನ್ಸು ಕ್ಯಾಮೆರಾಕ್ಕೆ ಕೂರುವ ಮೌಂಟಿನ ಹತ್ತಿರ, ಅದೂ ಕೆಲವು ಜೋಡಿಗಳಲ್ಲಷ್ಟೇ. ನಿಕಾನ್ ಎಫ್ ಮೌಂಟ್ 1959ರಲ್ಲಿ ಬಂತು. 1977ರಲ್ಲಿ ಎಐ ಅನ್ನುವ ಬದಲಾವಣೆ (ಲೆನ್ಸಿನ ಅಪರ್ಚರನ್ನು ಕ್ಯಾಮೆರಾಕ್ಕೆ ತಿಳಿಸುವ ಹೊಸ ವಿಧಾನ) ಆಯಿತು, 1980ರ ದಶಕದ ಶುರುವಿನಲ್ಲಿ ಎಐ-ಎಸ್. 1977ಕ್ಕಿಂತ ಹಿಂದಿನ ಲೆನ್ಸಿನ ಅಪರ್ಚರ್ ರಿಂಗಿನ ಅಂಚು ಪೂರ್ತಿ ದಪ್ಪ. ಡಿ7200, ಡಿ750 ಥರದ ಬಾಡಿಗಳ ಮೌಂಟಿನ ಸುತ್ತ ಒಂದು ಸಣ್ಣ ಕಡ್ಡಿ ಇರುತ್ತದೆ. ಬಲವಂತವಾಗಿ ಹಾಕಿದರೆ ಆ ಅಂಚು ಕಡ್ಡಿಯನ್ನು ಒತ್ತಿ ಮುರಿಯಬಹುದು. ಈ ಅಪಾಯ ನಿಜ.

ನಿಮ್ಮದು ಆ ಕಾಲದ್ದಲ್ಲ. ಎರಡು ಸಾಲು ಅಂಕಿ ಇದೆ ಅಂದರೆ ಎಐ ಅಥವಾ ನಂತರದ್ದು. ಕೊನೆಯ 22 ಎರಡೂ ಸಾಲಿನಲ್ಲಿ ಕಿತ್ತಳೆ ಬಣ್ಣದಲ್ಲಿದ್ದರೆ ಎಐ-ಎಸ್. ಎಫ್‌ಎಂ2 ಕೂಡ 1977ಕ್ಕೆ ಮುಂಚಿನ ಲೆನ್ಸನ್ನು ಒಪ್ಪದ ಕ್ಯಾಮೆರಾ. ನಿಮ್ಮ ಮಾವ ಅದರ ಮೇಲೆ ಬಳಸುತ್ತಿದ್ದರು ಅನ್ನುವುದೂ ಒಂದು ಸಾಕ್ಷಿ. ಡಿ5600ಗೆ ಧೈರ್ಯವಾಗಿ ಹಾಕಿ.

ನಿಮ್ಮ ಪೆಟ್ಟಿಗೆಯಲ್ಲಿ ಜಾಗ್ರತೆಯಿಂದ ನೋಡಬೇಕಾದ ವಸ್ತು ಆ ಫ್ಲ್ಯಾಶ್. ಹಳೆ ಫ್ಲ್ಯಾಶುಗಳಲ್ಲಿ ಕೆಲವಕ್ಕೆ ಟ್ರಿಗರ್ ವೋಲ್ಟೇಜ್ (ಫ್ಲ್ಯಾಶ್ ಹೊಡೆಸುವ ಸಂಪರ್ಕದಲ್ಲಿ ಕ್ಯಾಮೆರಾಕ್ಕೆ ಬರುವ ವಿದ್ಯುತ್ ಒತ್ತಡ) 200 ವೋಲ್ಟ್ ದಾಟುತ್ತದೆ. ಅದನ್ನು ಅಳೆಸದೆ ಯಾವ ಡಿಜಿಟಲ್ ಕ್ಯಾಮೆರಾದ ಮೇಲೂ ಕೂರಿಸಬೇಡಿ. ಹಳೆ ಸಾಮಾನಿನಿಂದ ಕ್ಯಾಮೆರಾ ಸುಟ್ಟುಹೋಗುತ್ತದೆ ಅನ್ನುವ ಮಾತಿಗೆ ಫ್ಲ್ಯಾಶಿನ ಮಟ್ಟಿಗೆ ಆಧಾರವಿದೆ, ಲೆನ್ಸಿನ ಮಟ್ಟಿಗೆ ಇಲ್ಲ.

ಇನ್ನು “ಡಿಜಿಟಲ್‌ಗೆ ಆಗಲ್ಲ” ಅನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಲೆನ್ಸಿಗೆ ಅನ್ವಯಿಸುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದೆ ಹಳೆ ವೈಡ್ ಲೆನ್ಸು ಕೊಳ್ಳುವ ಮನಸ್ಸಾದರೆ ಇದೊಂದು ತಿಳಿದಿದ್ದರೆ ದುಡ್ಡು ಉಳಿಯುತ್ತದೆ.

ವೈಡ್ ಲೆನ್ಸುಗಳಲ್ಲಿ ಎರಡು ಜಾತಿ. ಒಂದು, ಲೈಕಾ ಥರದ ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆ ಮಾಡಿದ್ದು. ಅಲ್ಲಿ ನಡುವೆ ಕನ್ನಡಿ ಇಲ್ಲ, ಹಾಗಾಗಿ ಲೆನ್ಸಿನ ಹಿಂದಿನ ಗಾಜು ಫಿಲ್ಮಿನ ತೀರಾ ಹತ್ತಿರ ಬಂದು ನಿಲ್ಲಬಹುದು. ಸೋವಿಯತ್ ಕಾಲದ ಜುಪಿಟರ್-12 ನೋಡಿದರೆ ಗೊತ್ತಾಗುತ್ತದೆ, ಅದರ ಹಿಂಭಾಗ ಕ್ಯಾಮೆರಾದ ಹೊಟ್ಟೆಯೊಳಗೆ ಚಾಚಿಕೊಂಡಿರುತ್ತದೆ. ಇಂಥ ಲೆನ್ಸಿನಿಂದ ಬೆಳಕು ಮೂಲೆಗಳಿಗೆ ತುಂಬಾ ಓರೆಯಾಗಿ ಹೋಗುತ್ತದೆ. ಫಿಲ್ಮಿಗೆ ಅದು ಸಮಸ್ಯೆಯೇ ಆಗಿರಲಿಲ್ಲ. ಸೆನ್ಸರಿನ ಕಥೆ ಬೇರೆ. ಅದರ ಮುಂದೆ ಒಂದು ಗಾಜಿನ ಪದರ ಇದೆ, ಸೋನಿಯ ಫುಲ್‌ಫ್ರೇಮ್ ಕ್ಯಾಮೆರಾಗಳಲ್ಲಿ ಸುಮಾರು 2 ಮಿ.ಮೀ. ದಪ್ಪ. ಓರೆ ಬೆಳಕು ಆ ಗಾಜಿನಲ್ಲಿ ಬಾಗಿ ಮೂಲೆಗಳನ್ನು ಕಲಸಿಬಿಡುತ್ತದೆ, ಕೆಲವು ಸಲ ಅಂಚುಗಳಿಗೆ ನೇರಳೆ ಛಾಯೆಯೂ ಬರುತ್ತದೆ. ಡಿಜಿಟಲ್ ಲೈಕಾ ಎಂ ಕ್ಯಾಮೆರಾಗಳಲ್ಲಿ ಈ ಗಾಜು ಬಹಳ ತೆಳ್ಳಗಿದೆ. ಅದೇ ಲೆನ್ಸು ಅಲ್ಲಿ ಚೆನ್ನಾಗಿ, ಇಲ್ಲಿ ಕೆಟ್ಟದಾಗಿ ಕಾಣುವುದು ಇದರಿಂದ.

ಎರಡನೇ ಜಾತಿ ಎಸ್‌ಎಲ್‌ಆರ್ ಕ್ಯಾಮೆರಾಗಳದ್ದು. ಇಲ್ಲಿ ಲೆನ್ಸಿನ ದೃಶ್ಯವನ್ನು ಫೈಂಡರಿಗೆ ತೋರಿಸುವ ಕನ್ನಡಿ ಇದೆ, ಅದು ಏಳಲು ಇಳಿಯಲು ಜಾಗ ಬೇಕು. ನಿಕಾನಿನಲ್ಲಿ ಮೌಂಟಿನಿಂದ ಫಿಲ್ಮಿಗೆ 46.5 ಮಿ.ಮೀ. ದೂರ. 24 ಎಂಎಂ ಲೆನ್ಸು ಸಾಮಾನ್ಯ ರಚನೆಯಲ್ಲಿದ್ದರೆ ಫಿಲ್ಮಿಗೆ ಸುಮಾರು 24 ಮಿ.ಮೀ. ಹತ್ತಿರ ಬರಬೇಕಿತ್ತು, ಕನ್ನಡಿಗೆ ಬಡಿಯುತ್ತಿತ್ತು. ಮೊದಮೊದಲು ನಿಕಾನ್ ಕೂಡ ಕನ್ನಡಿಯನ್ನು ಮೇಲೆ ಎತ್ತಿ ಕಟ್ಟಿ 21 ಎಂಎಂ ಎಫ್/4 ಲೆನ್ಸು ಹಾಕುವ ವ್ಯವಸ್ಥೆ ಮಾಡಿತ್ತು, ದೃಶ್ಯ ನೋಡಲು ಬೇರೆ ಫೈಂಡರ್. (ಆ ಲೆನ್ಸು ಎಲ್ಲಾದರೂ ಸಿಕ್ಕರೆ ಡಿಎಸ್‌ಎಲ್‌ಆರ್‌ಗೆ ಹಾಕಲೇಬೇಡಿ, ಕನ್ನಡಿಗೆ ಬಡಿಯುತ್ತದೆ.) ಇದಕ್ಕೆ ಪರಿಹಾರವಾಗಿ ಬಂದದ್ದು ರೆಟ್ರೊಫೋಕಸ್ ರಚನೆ. ಫ್ರಾನ್ಸಿನ ಆಂಜೆನ್ಯೂ 1950ರ ಹೊತ್ತಿಗೆ ಸ್ಟಿಲ್ ಕ್ಯಾಮೆರಾಗಳಿಗೆ ತಂದಿತು. ಮುಂದೆ ದೊಡ್ಡ ತಗ್ಗು ಗಾಜು, ಹಿಂದೆ ಬೆಳಕನ್ನು ಒಗ್ಗೂಡಿಸುವ ಗುಂಪು. ಇದರಿಂದ ಬೆಳಕು ದೂರದಿಂದ, ಕಡಿಮೆ ಓರೆಯಾಗಿ ಫಿಲ್ಮಿಗೆ ಬೀಳುತ್ತದೆ. ಕನ್ನಡಿಗಾಗಿ ಮಾಡಿದ ಈ ಉಪಾಯ ಎಷ್ಟೋ ವರ್ಷಗಳ ನಂತರ ಸೆನ್ಸರಿಗೂ ಒಳ್ಳೆಯದಾಯಿತು. ನಿಮ್ಮ 24 ಈ ಜಾತಿಯದ್ದು.

ಹಾಗಾದರೆ ಮೂಲೆಗಳು ಯಾಕೆ ಮಸುಕು? ನಿಮ್ಮ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ.

ಇನ್ಫಿನಿಟಿಯಲ್ಲಿ ಗುಡ್ಡ ಮಸುಕು, ಹಿಂದಕ್ಕೆ ತಂದರೆ ಸರಿ ಅಂದಿರಿ. ಅಂದರೆ ಅಡಾಪ್ಟರ್ ಇರಬೇಕಾದ್ದಕ್ಕಿಂತ ತೆಳ್ಳಗಿದೆ. ಸೋನಿ ಇ ಮೌಂಟಿನ ದೂರ 18 ಮಿ.ಮೀ. 46.5ರಲ್ಲಿ 18 ಕಳೆದರೆ 28.5. ಅಡಾಪ್ಟರ್ ಅಷ್ಟೇ ದಪ್ಪ ಇರಬೇಕು. ಆದರೆ ಅಗ್ಗದ ಅಡಾಪ್ಟರುಗಳನ್ನು ಬೇಕೆಂದೇ ಸ್ವಲ್ಪ ತೆಳ್ಳಗೆ ಮಾಡುತ್ತಾರೆ. ದಪ್ಪ ಜಾಸ್ತಿಯಾದರೆ ದೂರದ್ದು ಫೋಕಸ್ಸೇ ಆಗುವುದಿಲ್ಲ, ಗಿರಾಕಿ ವಾಪಸ್ ಕಳಿಸುತ್ತಾನೆ. ತೆಳ್ಳಗಿದ್ದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ವೈಡ್ ಲೆನ್ಸಿನಲ್ಲಿ ಗೊತ್ತಾಗುತ್ತದೆ. ಲೆಕ್ಕ ನೋಡಿ. ಅಡಾಪ್ಟರ್ 0.1 ಮಿ.ಮೀ. ತೆಳ್ಳಗಿದ್ದರೆ 50 ಎಂಎಂ ಲೆನ್ಸಿನಲ್ಲಿ ಇನ್ಫಿನಿಟಿಯು ಸ್ಕೇಲಿನ 25 ಮೀಟರ್ ಜಾಗಕ್ಕೆ ಬರುತ್ತದೆ. 24 ಎಂಎಂನಲ್ಲಿ ಅದೇ 0.1 ಮಿ.ಮೀ. ತಪ್ಪಿಗೆ ಇನ್ಫಿನಿಟಿ ಸುಮಾರು 5.8 ಮೀಟರ್ ಗುರುತಿಗೆ ಇಳಿಯುತ್ತದೆ. 0.3 ಮಿ.ಮೀ. ತಪ್ಪಾದರೆ 2 ಮೀಟರಿಗಿಂತಲೂ ಒಳಗೆ. ಸ್ಕೇಲ್ ನೋಡಿ ಫೋಕಸ್ ಮಾಡುವ ಮಾತೇ ಇಲ್ಲವಾಯಿತು.

ತೊಂದರೆ ಸ್ಕೇಲಿಗಷ್ಟೇ ನಿಲ್ಲುವುದಿಲ್ಲ. ಈ ಲೆನ್ಸಿನಲ್ಲಿ ನಿಕಾನ್ ಸಿಆರ್‌ಸಿ ಅಂತ ಕರೆಯುವ ಒಂದು ವ್ಯವಸ್ಥೆ ಇದೆ. 1967ರಲ್ಲಿ ಈ 24 ಎಂಎಂ ಎಫ್/2.8ರಲ್ಲೇ ಅದು ಮೊದಲು ಬಂದದ್ದು. ಫೋಕಸ್ ರಿಂಗ್ ತಿರುಗಿಸಿದಾಗ ಇಡೀ ಲೆನ್ಸು ಮುಂದೆ ಬರುವುದರ ಜೊತೆಗೆ, ಒಳಗಿನ ಒಂದು ಗುಂಪಿನ ಗಾಜು ಬೇರೆ ಅಳತೆಯಲ್ಲಿ ಸರಿಯುತ್ತದೆ. ಹತ್ತಿರದ ವಸ್ತುವಿಗೂ ಮೂಲೆಗಳು ಚೂಪಾಗಿ ಬರಲಿ ಅಂತ ಈ ಏರ್ಪಾಟು. ತೆಳ್ಳನೆ ಅಡಾಪ್ಟರಿನಲ್ಲಿ ನೀವು ಗುಡ್ಡ ತೆಗೆಯುವಾಗ ರಿಂಗ್ 2 ಮೀಟರಿನಲ್ಲಿ ಇದ್ದರೆ, ಒಳಗಿನ ಗಾಜು 2 ಮೀಟರ್ ದೂರದ ವಸ್ತುವಿಗೆ ತಯಾರಾಗಿ ಕೂತಿರುತ್ತದೆ. ನಡುಭಾಗ ಫೋಕಸ್ ಆಗುತ್ತದೆ, ಮೂಲೆ ಕೆಡುತ್ತದೆ. 0.1 ಮಿ.ಮೀ. ತಪ್ಪಿಗೆ ಇದರ ಪರಿಣಾಮ ಕಡಿಮೆ. ತಪ್ಪು ಬೆಳೆದ ಹಾಗೆ ಮೂಲೆ ಹೋಗುತ್ತಾ ಬರುತ್ತದೆ. ಹಳೆಯ ಒಳ್ಳೆಯ ವೈಡ್ ಲೆನ್ಸುಗಳಿಗೆ ಕೆಟ್ಟ ಹೆಸರು ಬಂದಿರುವುದರಲ್ಲಿ ಇದರ ಪಾಲು ದೊಡ್ಡದು, ಮತ್ತು ಅದು ನನಗೆ ನಿಜವಾಗಿ ಬೇಸರದ ವಿಷಯ.

ಬಲಗಡೆ ಜಾಸ್ತಿ ಮಸುಕು ಅಂದಿರಲ್ಲ, ಅದು ಓರೆಯ ಲಕ್ಷಣ. ಅಡಾಪ್ಟರಿನ ಎರಡು ಮುಖಗಳು ಸಮಾನಾಂತರವಾಗಿಲ್ಲದಿದ್ದರೆ ಒಂದು ಪಕ್ಕ ಸೆನ್ಸರಿಗೆ ಹತ್ತಿರ, ಇನ್ನೊಂದು ದೂರ. ಎಫ್/2.8ರಲ್ಲಿ ಚಿತ್ರ ಮಸುಕಾಗದೆ ಸೆನ್ಸರ್ ಬಳಿ ಇರಬಹುದಾದ ಸಡಿಲ ಎರಡೂ ಕಡೆಗೆ ಸುಮಾರು 0.05 ಮಿ.ಮೀ. ಮಾತ್ರ. ತಲೆಕೂದಲಿನ ದಪ್ಪದಷ್ಟು ಓರೆಯೂ ಫೋಟೊದಲ್ಲಿ ಕಾಣುತ್ತದೆ. ಆದರೆ ಲೆನ್ಸು ಯಾವಾಗಲೋ ಕೆಳಗೆ ಬಿದ್ದು ಒಳಗಿನ ಗಾಜು ಜರುಗಿದ್ದರೂ ಹೀಗೇ ಕಾಣುತ್ತದೆ. ಯಾವುದು ಅಂತ ಪತ್ತೆ ಮಾಡುವುದು ಕಷ್ಟವಲ್ಲ. ಟ್ರೈಪಾಡ್ ಹಾಕಿ, ದೂರದ ಗುಡ್ಡದ ಸಾಲನ್ನು ಎಫ್/4ರಲ್ಲಿ ತೆಗೆಯಿರಿ. ಆಮೇಲೆ ಕ್ಯಾಮೆರಾ ತಲೆಕೆಳಗೆ ಮಾಡಿ ಅದನ್ನೇ ತೆಗೆಯಿರಿ. ಮಸುಕು ಫ್ರೇಮಿನ ಅದೇ ಪಕ್ಕದಲ್ಲಿ ಉಳಿದರೆ ದೋಷ ಲೆನ್ಸಿನದ್ದೋ ಅಡಾಪ್ಟರಿನದ್ದೋ ಆಗಿರುತ್ತದೆ. ದೃಶ್ಯದ ಅದೇ ಮರದ ಜೊತೆ ಹೋದರೆ, ಆ ಮರ ಬೇರೆ ದೂರದಲ್ಲಿದೆ ಅಷ್ಟೇ. ನಂತರ ಅದೇ ಲೆನ್ಸನ್ನು ನಿಮ್ಮ ಡಿ5600ಗೆ, ಅಡಾಪ್ಟರ್ ಇಲ್ಲದೆ ಹಾಕಿ ನೋಡಿ. ಅಲ್ಲಿ ಎಡ ಬಲ ಸಮ ಇದ್ದರೆ ಲೆನ್ಸು ಬಹುತೇಕ ನಿರಪರಾಧಿ. ಡಿ5600 ಚಿತ್ರದ ನಡುಭಾಗವನ್ನಷ್ಟೇ ತೆಗೆದುಕೊಳ್ಳುತ್ತದೆ, ಕೊನೆಯ ಮೂಲೆಗಳು ಅದಕ್ಕೆ ಕಾಣುವುದಿಲ್ಲ. ಅದನ್ನು ಮನಸ್ಸಿನಲ್ಲಿಟ್ಟು ಹೋಲಿಸಿ.

ಎಫ್/8ಕ್ಕೆ ಇಟ್ಟರೂ ಮೂಲೆ ಸುಧಾರಿಸಲಿಲ್ಲ ಅನ್ನುವ ಮಾತು ನನಗೆ ಎಲ್ಲಕ್ಕಿಂತ ಅನುಮಾನ ತಂದಿತು. ನಿಮ್ಮ ಅಡಾಪ್ಟರಿನ ಮೇಲೆ ಇನ್ನೊಂದು ರಿಂಗ್ ಇದೆಯಾ ನೋಡಿ. ಅಪರ್ಚರ್ ರಿಂಗ್ ಇಲ್ಲದ ನಿಕಾನಿನ ಜಿ ಲೆನ್ಸುಗಳಿಗಾಗಿ ಅದನ್ನು ಇಟ್ಟಿರುತ್ತಾರೆ. ಆ ರಿಂಗ್ ಪೂರ್ತಿ ತೆರೆದ ಕಡೆ ಇದ್ದರೆ ಲೆನ್ಸಿನ ಹಿಂದಿನ ಕಡ್ಡಿಯನ್ನು ಒತ್ತಿ ಹಿಡಿದಿರುತ್ತದೆ. ಆಗ ಲೆನ್ಸಿನ ಮೇಲೆ ನೀವು 8 ಇಟ್ಟರೂ ಒಳಗೆ 2.8ರಲ್ಲೇ ತೆರೆದಿರುತ್ತದೆ. ಲೆನ್ಸಿನ ಮುಂದಿನಿಂದ ಇಣುಕಿ, ರಿಂಗ್ ತಿರುಗಿಸಿದಾಗ ಎಲೆಗಳು ಮುಚ್ಚುತ್ತವಾ ಅಂತ ನೋಡಿ. ಮುಚ್ಚದಿದ್ದರೆ ಅಡಾಪ್ಟರಿನ ರಿಂಗನ್ನು ಇನ್ನೊಂದು ತುದಿಗೆ ತಿರುಗಿಸಿ. ನಿಮ್ಮ ಅರ್ಧ ದೂರು ಅಲ್ಲೇ ಮುಗಿದರೂ ಮುಗಿಯಬಹುದು.

ಬಿಳಿ ಪರದೆಗೆ ಇಬ್ಬರು ಆರೋಪಿಗಳು. ಒಂದು, ಅಡಾಪ್ಟರಿನ ಒಳಮೈ. ಟಾರ್ಚ್ ಬಿಟ್ಟು ನೋಡಿ, ಹೊಳೆಯುತ್ತಿದ್ದರೆ ಕಪ್ಪು ವೆಲ್ವೆಟ್ ಸ್ಟಿಕ್ಕರ್ ಹಾಳೆಯನ್ನು ತೆಳ್ಳಗೆ ಅಂಟಿಸಿ. ನೂಲು ಉದುರದ ಹಾಳೆ ಇರಲಿ, ಇಲ್ಲದಿದ್ದರೆ ಸೆನ್ಸರಿಗೆ ಬೀಳುತ್ತದೆ. ಎರಡನೆಯದು ಬೂಷ್ಟು.

ಬೂಷ್ಟಿನ ವಿಷಯದಲ್ಲಿ ಶಿರಸಿಯವರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ, ನಿಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಅಂಟುತ್ತದೆ ಅನ್ನುವ ಹೆದರಿಕೆ ಬಹಳ ಜನಕ್ಕಿದೆ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇವೆ, ನಿಮ್ಮ ಹೊಸ ಲೆನ್ಸಿನ ಮೇಲೂ ಇವೆ. ಬೆಳೆಯಲು ಬೇಕಾದದ್ದು ತೇವ. ತೇವಾಂಶ ದಿನಗಟ್ಟಲೆ ಶೇ. 60–70 ದಾಟಿದ ಜಾಗದಲ್ಲಿ ಬೆಳೆಯುತ್ತದೆ, ಶೇ. 40–50ರ ಹತ್ತಿರ ಇಟ್ಟರೆ ಅಲ್ಲೇ ನಿಲ್ಲುತ್ತದೆ. ಲೆನ್ಸನ್ನು ಮಾವನ ಚರ್ಮದ ಚೀಲದಿಂದ ಇವತ್ತೇ ಹೊರತೆಗೆಯಿರಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಇಷ್ಟು ಸಾಕು. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬದಲ್ಲಿ ಇಡಬೇಡಿ, ಹಿಟ್ಟಿನ ಧೂಳು ರಿಂಗಿನ ಸಂದಿಗೆ ಹೋಗುತ್ತದೆ. ಬಿಸಿಲಿಗೆ ಗಂಟೆಗಟ್ಟಲೆ ಇಡುವುದೂ ಬೇಡ. ಒಳಗಿನ ಗ್ರೀಸ್ ತೆಳುವಾಗಿ ಅಪರ್ಚರ್ ಎಲೆಗಳಿಗೆ ಹರಿಯುತ್ತದೆ.

ಈಗಿರುವ ಎಳೆಯನ್ನು ತೆಗೆಸಬೇಕಾ? ಒಂದು ಸಣ್ಣ ಎಳೆಯಿಂದ ಚಿತ್ರದ ಚೂಪು ಕಡಿಮೆಯಾಗುವುದಿಲ್ಲ. ಬೆಳಕಿನ ಎದುರು ಮಬ್ಬು ಬರಬಹುದು. ವೈಡ್ ಲೆನ್ಸಿನಲ್ಲಿ ಎಫ್/16ರಂಥ ಸಣ್ಣ ಕಿಂಡಿಗೆ ಹೋದರೆ ಆಕಾಶದಲ್ಲಿ ಮಸುಕು ಕಲೆಯೂ ಕಾಣಿಸಬಹುದು. ತೆಗೆಸುವುದರಲ್ಲಿ ಅಪಾಯ ಇದೆ. ಸಿಆರ್‌ಸಿ ಇರುವ ಲೆನ್ಸನ್ನು ಬಿಚ್ಚಿದವರು ಒಳಗಿನ ಗುಂಪುಗಳನ್ನು ಅದೇ ಜಾಗಕ್ಕೆ ಕೂರಿಸಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೂ ಮೂಲೆಗಳು ಶಾಶ್ವತವಾಗಿ ಹೋದವು. ಬೂಷ್ಟು ಲೇಪನವನ್ನು ತಿಂದಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆ. ಎಳೆ ಬೆಳೆಯುತ್ತಿಲ್ಲ ಅಂದರೆ ನಾನು ಮುಟ್ಟಲು ಹೇಳುವುದಿಲ್ಲ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡು ಮಳೆಗಾಲದ ನಂತರ ಹೋಲಿಸಿ. ಬೆಳೆದಿದ್ದರೆ ನಿಕಾನ್ ಮ್ಯಾನುಯಲ್ ಲೆನ್ಸುಗಳನ್ನು ಬಿಚ್ಚಿ ಅನುಭವ ಇರುವವರಿಗೇ ಕೊಡಿ. ಟೂತ್‌ಪೇಸ್ಟು, ಸ್ಯಾನಿಟೈಸರ್ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಈಗ ಯಾವ ಕ್ಯಾಮೆರಾ ಅನ್ನುವ ವಿಷಯ. ಕೈಯಲ್ಲಿರುವ ಡಿ5600 ಕೆಲಸ ಮಾಡುತ್ತದೆ. ಎಂ (ಮ್ಯಾನುಯಲ್) ಮೋಡಿನಲ್ಲಿ ಇಟ್ಟರೆ ಮಾತ್ರ ಶಟರ್ ಬೀಳುತ್ತದೆ. ಬೆಳಕು ಅಳೆಯುವ ಮೀಟರ್ ಇರುವುದಿಲ್ಲ. ಒಂದು ಫೋಟೊ ತೆಗೆದು ಹಿಸ್ಟೋಗ್ರಾಮ್ (ಚಿತ್ರದಲ್ಲಿನ ಬೆಳಕಿನ ನಕ್ಷೆ) ನೋಡಿ ಶಟರ್ ಬದಲಿಸಿಕೊಳ್ಳಬೇಕು. ಫೋಕಸ್ ಆದಾಗ ಫೈಂಡರಿನ ಮೂಲೆಯ ಹಸಿರು ಚುಕ್ಕಿ ಹೇಳುತ್ತದೆ. ಆದರೆ ಅದರಲ್ಲಿ 24 ಎಂಎಂ ನಿಮಗೆ 36 ಎಂಎಂನಷ್ಟೇ ಅಗಲ ಕೊಡುತ್ತದೆ. ಚೌಕಿಯಂಥ ಇಕ್ಕಟ್ಟಿಗೆ ಅದು ಸಾಲದು.

ಸೆಕೆಂಡ್‌ಹ್ಯಾಂಡ್ ಫುಲ್‌ಫ್ರೇಮ್ ನಿಕಾನ್ ಡಿಎಸ್‌ಎಲ್‌ಆರ್, ಅಂದರೆ ಡಿ610, ಡಿ750 ಥರದ್ದು ಸಿಕ್ಕರೆ ಅಡಾಪ್ಟರಿನ ಜಂಜಾಟವೇ ಇಲ್ಲ. ಮೆನುವಿನಲ್ಲಿ 24 ಮತ್ತು 2.8 ಅಂತ ತುಂಬಿದರೆ ಮೀಟರ್ ಕೆಲಸ ಮಾಡುತ್ತದೆ. ಕೊಳ್ಳುವಾಗ ಮಾದರಿ ಸಂಖ್ಯೆ ನೋಡಿ. ಡಿ7200ರಲ್ಲಿ ಈ ಸೌಲಭ್ಯ ಇತ್ತು, ಆಮೇಲೆ ಬಂದ ಡಿ7500ರಲ್ಲಿ ತೆಗೆದುಹಾಕಿದರು. ಇವುಗಳ ಕೊರತೆ ಅಂದರೆ ಫೈಂಡರಿನಲ್ಲಿ ಕಣ್ಣಂದಾಜಿನ ಫೋಕಸ್. ಈಗಿನ ಡಿಎಸ್‌ಎಲ್‌ಆರ್ ಪರದೆಗಳು ಎಫ್‌ಎಂ2 ಪರದೆಯ ಹಾಗಲ್ಲ, ವೈಡ್ ಲೆನ್ಸಿನಲ್ಲಿ ಎಲ್ಲವೂ ಫೋಕಸ್ ಆದಂತೆಯೇ ಕಾಣುತ್ತದೆ. ಹಳೆಯ ಬಾಡಿ ಆದ್ದರಿಂದ ಶಟರ್ ಎಷ್ಟು ಸವೆದಿದೆ ಅಂತಲೂ ವಿಚಾರಿಸಬೇಕು.

ಮಿರರ್‌ಲೆಸ್‌ನಲ್ಲಿ ಫೋಕಸ್ ಸುಲಭ. ಚಿತ್ರವನ್ನು ಹಿಗ್ಗಿಸಿ ನೋಡಬಹುದು. ಬಣ್ಣದ ಗೆರೆ ತೋರಿಸುವ ಪೀಕಿಂಗ್ ಅನ್ನು ಮಾತ್ರ 24 ಎಂಎಂನಲ್ಲಿ ನಂಬಬೇಡಿ, ಅರ್ಧ ಫ್ರೇಮಿಗೆ ಗೆರೆ ಬಂದುಬಿಡುತ್ತದೆ. ನಿಕಾನ್ ಝಡ್5 ತೆಗೆದುಕೊಂಡರೆ ಕಂಪನಿಯದೇ ಎಫ್‌ಟಿಝಡ್ ಅಡಾಪ್ಟರ್ ಸಿಗುತ್ತದೆ, ಅಳತೆ ನಂಬಬಹುದು. ಸೋನಿಯೇ ಬೇಕೆಂದರೆ ಅಡಾಪ್ಟರಿಗೆ ದುಡ್ಡು ಹಾಕಿ. ಕೈಯಲ್ಲಿರುವ ತೆಳ್ಳನೆಯದನ್ನು ಬಿಚ್ಚಿ, ಮೌಂಟಿನ ಕೆಳಗೆ ಹಿತ್ತಾಳೆಯ ತೆಳು ಹಾಳೆ ಕೊಟ್ಟು ದಪ್ಪ ಸರಿಮಾಡಲೂ ಆಗುತ್ತದೆ. ಸುತ್ತಲೂ ಸಮ ಕೂರದಿದ್ದರೆ ಓರೆ ಇನ್ನೂ ಹೆಚ್ಚುತ್ತದೆ, ಕೈ ಪಳಗಿದವರಿಂದ ಮಾಡಿಸಿ. ಬಾಡಿಯಲ್ಲೇ ಸ್ಟೆಬಿಲೈಸರ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಇದ್ದರೆ ಅದರ ಮೆನುವಿನಲ್ಲಿ 24 ಅಂತ ತುಂಬುವುದನ್ನು ಮರೆಯಬೇಡಿ. ಹಿಂದಿನ ಲೆನ್ಸಿನ 85 ಅಲ್ಲೇ ಉಳಿದಿದ್ದರೆ ಸೆನ್ಸರ್ ಬೇಡದಷ್ಟು ಅಲುಗಿ ಚಿತ್ರ ಕೆಡುತ್ತದೆ.

ಮಾರಿ ಹೊಸ ಆಟೊಫೋಕಸ್ ಲೆನ್ಸು ಕೊಳ್ಳುವುದು ಯಾವಾಗ ಸರಿ? ಮದುವೆ, ಓಡುವ ಮಕ್ಕಳು, ದುಡ್ಡಿಗೆ ಮಾಡುವ ಕೆಲಸ ಆದಾಗ. ಎಫ್/2.8ರಲ್ಲಿ ಮೂಲೆ ಮೂಲೆಯೂ ಚೂಪು ಬೇಕಾದರೂ ಹೊಸದೇ ಮೇಲು. ಈ 24ರ ಮೂಲೆಗಳು 2.8ರಲ್ಲಿ ಮೆತ್ತಗೆ, ಸ್ವಲ್ಪ ಕತ್ತಲೆ. ಎಫ್/5.6ರಿಂದ 8ರೊಳಗೆ ಒಳ್ಳೆಯ ಚಿತ್ರ ಕೊಡುತ್ತದೆ. ಎಫ್/22ಕ್ಕೆ ಹೋದರೆ ಬೆಳಕು ಹರಡಿ ಮತ್ತೆ ಮೆತ್ತಗಾಗುತ್ತದೆ.

ನಿಮ್ಮ ಎರಡು ಆಸೆಗಳಿಗೆ ಈ ಲೆನ್ಸು ಹೇಳಿ ಮಾಡಿಸಿದ ಹಾಗಿದೆ. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಕಂಬಗಳು ಎಲ್ಲಿಗೂ ಓಡುವುದಿಲ್ಲ. ಅನುಮತಿ ಕೇಳಿ, ಕ್ಯಾಮೆರಾ ಮಟ್ಟವಾಗಿ ಹಿಡಿದು, ಎಫ್/8ರಲ್ಲಿ ನಿಧಾನವಾಗಿ ತೆಗೆಯಿರಿ. ಎಲ್ಲಿಂದ ಎಲ್ಲಿಯವರೆಗೆ ಚೂಪು ಅಂತ ತೋರಿಸುವ, ಲೆನ್ಸಿನ ಮೇಲಿನ ಡೆಪ್ತ್ ಗುರುತುಗಳನ್ನು ಫಿಲ್ಮಿನ ಕಾಲದ ಪ್ರಿಂಟಿಗೆ ಲೆಕ್ಕ ಹಾಕಿ ಹಾಕಿದ್ದಾರೆ. ಇವತ್ತಿನ ಸೆನ್ಸರಿಗೆ ಎರಡು ಸ್ಟಾಪ್ ಬಿಗಿ ಮಾಡಿಕೊಳ್ಳಿ. ಎಫ್/8ರಲ್ಲಿ ತೆಗೆಯುವಾಗ ಎಫ್/4ರ ಗುರುತುಗಳ ನಡುವಿನದ್ದನ್ನಷ್ಟೇ ಚೂಪು ಅಂತ ತಿಳಿಯಿರಿ.

ಚೌಕಿಯಲ್ಲಿ ಬೇರೆ ಥರ. ಕಲಾವಿದರು ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ, ನಿಮಗೆ ಕಾಲಿಡಲು ಜಾಗ ಇರುವುದಿಲ್ಲ. ಪ್ರತಿ ಸಲ ಫೋಕಸ್ ಮಾಡುತ್ತಾ ಕೂರಬೇಡಿ. ಫುಲ್‌ಫ್ರೇಮಿನಲ್ಲಿ ಎಫ್/5.6 ಇಟ್ಟು, 1.5 ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು 1.2ರಿಂದ 2.1 ಮೀಟರ್ ತನಕ ಎಲ್ಲ ಚೂಪು. ಸ್ಕೇಲ್ ನಂಬುವಂತಿಲ್ಲದಿದ್ದರೆ 1.5 ಮೀಟರ್ ದೂರದಲ್ಲಿರುವ ಯಾವುದಾದರೂ ವಸ್ತುವಿಗೆ ಹಿಗ್ಗಿಸಿ ಫೋಕಸ್ ಮಾಡಿ, ರಿಂಗಿಗೆ ಸಣ್ಣ ತುಂಡು ಟೇಪ್ ಅಂಟಿಸಿ. ಆಮೇಲೆ ನಿಮ್ಮ ಕಾಲೇ ಫೋಕಸ್, ಮುಂದೆ ಹಿಂದೆ ಸರಿಯಿರಿ. ಐಎಸ್‌ಒ 3200ಕ್ಕೆ (ಸೆನ್ಸರಿನ ಬೆಳಕಿನ ಸಂವೇದನೆ) ಹೋಗಲು ಹೆದರಬೇಡಿ. ಮುಖವನ್ನು ಫ್ರೇಮಿನ ಅಂಚಿಗೆ ಇಡಬೇಡಿ, 24 ಎಂಎಂ ಅಂಚಿನಲ್ಲಿ ಮುಖವನ್ನು ಎಳೆದು ಅಗಲ ಮಾಡುತ್ತದೆ. ಇಷ್ಟು ಹೊತ್ತು ಕೂತು ಬರೆದುಕೊಂಡ ಮುಖವರ್ಣಿಕೆ ಹಾಗೆ ಸೊಟ್ಟಗಾಗಿ ಕಾಣುವುದು ಕಲಾವಿದರಿಗೆ ಅನ್ಯಾಯ. ಕಿರೀಟ, ಕನ್ನಡಿ, ಬಣ್ಣದ ತಟ್ಟೆ ಅಂಚಿಗೆ ಬರಲಿ. ಬಲ್ಬ್ ಫ್ರೇಮಿನ ಹೊರಗೆ, ನಿಮ್ಮ ಪಕ್ಕಕ್ಕೆ ಇರಲಿ. ಒಂದು ಕೈ ಲೆನ್ಸಿನ ಮೇಲೆ ಅಡ್ಡ ಹಿಡಿದರೂ ಮಬ್ಬು ಎಷ್ಟೋ ಕಡಿಮೆಯಾಗುತ್ತದೆ. ಬೆರಳು ಫ್ರೇಮಿಗೆ ಬರದ ಹಾಗೆ ನೋಡಿಕೊಳ್ಳಿ.

ಹೊಸ ಬಾಡಿಗೆ ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿ. ಮೊದಲು ಅಡಾಪ್ಟರಿನ ರಿಂಗ್ ನೋಡಿ, ಆಮೇಲೆ ಗುಡ್ಡದ ಸಾಲಿನ ಪರೀಕ್ಷೆ, ಕೊನೆಗೆ ಡಿ5600ರ ಮೇಲೆ ಅದೇ ಪರೀಕ್ಷೆ. ಅಡಾಪ್ಟರ್ ಇಲ್ಲದೆಯೂ ಒಂದು ಪಕ್ಕ ಮಸುಕು ಉಳಿದರೆ ಲೆನ್ಸು ಒಳಗೆ ಜರುಗಿದೆ ಅಂತ ಅರ್ಥ. ಆಗ ಬೂಷ್ಟು ತೆಗೆಸುವುದನ್ನೂ ಗಾಜು ಸರಿಪಡಿಸುವುದನ್ನೂ ಒಟ್ಟಿಗೆ ಮಾಡಿಸಬಹುದು. ಅದಕ್ಕಾಗುವ ಖರ್ಚು ಕೇಳಿ, ಇದೇ ಲೆನ್ಸಿನ ಒಳ್ಳೆ ಸ್ಥಿತಿಯ ಇನ್ನೊಂದು ಪ್ರತಿಯ ಬೆಲೆಯ ಜೊತೆ ಹೋಲಿಸಿ ತೀರ್ಮಾನಿಸಿ.